ದುಗ್ಧರಸದ ದಾರಿಯೂ ಸುಂಕದ ಕಟ್ಟೆಗಳೂ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು. ಎರಡು ವರ್ಷಗಳ ಹಿಂದೆ ನಮ್ಮ ಅತ್ತೆಯವರಿಗೆ ಎಡ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಆಗ ಕಂಕುಳಿನಿಂದ 14 ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದರು. ಈಗ ಆರು ತಿಂಗಳಿಂದ ಅವರ ಎಡಗೈ ಬಾತುಕೊಳ್ಳುತ್ತಿದೆ. ಚಿಕ್ಕಂದಿನಲ್ಲಿ ಉಡುಪಿಯ ಕಡೆ ಆನೆಕಾಲು ರೋಗಿಗಳನ್ನು ಕಂಡಿದ್ದ ಅವರು ‘ನನಗೆ ಬಂದಿರುವುದು ಆನೆಕೈಯೋ’ ಎಂದು ಕೇಳುತ್ತಾರೆ. ಇತ್ತ ನಮ್ಮ ಎಂಟು ವರ್ಷದ ಮಗನಿಗೆ ಗಂಟಲು ನೋವು ಬಂದಾಗಲೆಲ್ಲ ಕುತ್ತಿಗೆಯಲ್ಲಿ ಗಂಟುಗಳು ಏಳುತ್ತವೆ. ಇಬ್ಬರಿಗೂ ರೋಗನಿರೋಧಕ ಶಕ್ತಿ ಕಡಿಮೆಯೆಂದೂ, ಪಾರ್ಲರಿನಲ್ಲಿ ದುಗ್ಧರಸ ಹರಿಸುವ ಮಸಾಜ್ ಮಾಡಿಸಿದರೆ ದೇಹದ ವಿಷವೆಲ್ಲ ಹೊರಹೋಗುತ್ತದೆಂದೂ ನೆರೆಯವರು ಹೇಳುತ್ತಾರೆ. ಈ ದುಗ್ಧರಸ ವ್ಯವಸ್ಥೆ ನಿಜವಾಗಿ ಮಾಡುವ ಕೆಲಸವೇನು? 14 ಗ್ರಂಥಿಗಳು ಹೋದರೆ ರೋಗ ತಡೆಯುವ ಶಕ್ತಿಯೂ ಹೋದಂತೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದು ಮನಸ್ಸನ್ನು ಕೊರೆಯುತ್ತಿರುವಾಗ ಉಳಿದದ್ದನ್ನು ಓದುವುದು ಕಷ್ಟ. ಇಲ್ಲ, ಹೋಗಿಲ್ಲ. ಮನುಷ್ಯನ ದೇಹದಲ್ಲಿ ಸುಮಾರು 500ರಿಂದ 800ರಷ್ಟು ದುಗ್ಧಗ್ರಂಥಿಗಳಿವೆ. ಅವುಗಳಲ್ಲಿ 14 ಹೋದರೂ ಅಸ್ಥಿಮಜ್ಜೆ, ಗುಲ್ಮ (ಸ್ಪ್ಲೀನ್), ಗಂಟಲು ಮತ್ತು ಕರುಳಿನ ಕಾವಲು ಎಲ್ಲವೂ ಇದ್ದ ಹಾಗೆಯೇ ಇರುತ್ತವೆ. ನಿಮ್ಮ ಅತ್ತೆಯವರು ಕಳೆದುಕೊಂಡಿರುವುದು ದೇಹದ ಶಕ್ತಿಯನ್ನಲ್ಲ, ಎಡಗೈಯಿಂದ ಹೊರಡುವ ಒಂದು ದಾರಿಯ ಬಹುಭಾಗವನ್ನು. ಮಗನ ವಿಷಯ ಹೆಚ್ಚುಕಡಿಮೆ ಇದಕ್ಕೆ ತಿರುವುಮುರುವು: ಅಲ್ಲಿ ದಾರಿಯೂ ಇದೆ, ಕಾವಲೂ ಇದೆ, ಕೆಲಸವೂ ಜೋರಾಗಿಯೇ ನಡೆಯುತ್ತಿದೆ. ದಾರಿಗೂ ಕಾವಲಿಗೂ ಇರುವ ಈ ನಂಟನ್ನು ತಿಳಿದುಕೊಂಡರೆ ನಿಮ್ಮ ಮನೆಯ ಎರಡೂ ಸಂಗತಿಗಳು ಬಿಡಿಸಿಕೊಳ್ಳುತ್ತವೆ.

ದಾರಿಯಿಂದ ಆರಂಭಿಸೋಣ. ಹೃದಯ ಒತ್ತಿ ಕಳಿಸಿದ ರಕ್ತ ಕೂದಲಿಗಿಂತ ಸಣ್ಣದಾದ ಲೋಮನಾಳಗಳನ್ನು ಮುಟ್ಟಿದಾಗ ಅದರ ನೀರಿನಂಶ, ಜೊತೆಗೆ ಒಂದಿಷ್ಟು ಪ್ರೋಟೀನು, ನಾಳದ ಗೋಡೆಯಿಂದ ಜಿನುಗಿ ಜೀವಕೋಶಗಳ ನಡುವಿನ ಸಂದುಗಳಿಗೆ ಇಳಿಯುತ್ತದೆ. ಕೋಶಗಳಿಗೆ ಆಹಾರ ಸಿಗುವುದೇ ಈ ಜಿನುಗಿನಿಂದ. ಆದರೆ ಹೀಗೆ ಇಳಿದದ್ದೆಲ್ಲ ಬಂದ ದಾರಿಯಲ್ಲೇ ರಕ್ತನಾಳಕ್ಕೆ ಹಿಂದಿರುಗುವುದಿಲ್ಲ. ಉಳಿದ ದ್ರವವನ್ನು, ಅದರಲ್ಲೂ ಮುಖ್ಯವಾಗಿ ಹೊರಗೆ ಸಿಕ್ಕಿಕೊಂಡ ಪ್ರೋಟೀನನ್ನು, ಎತ್ತಿಕೊಂಡು ಹೋಗಿ ಮತ್ತೆ ರಕ್ತಕ್ಕೆ ಸೇರಿಸುವವು ದುಗ್ಧನಾಳಗಳು. ದಿನಕ್ಕೆ ಎರಡರಿಂದ ನಾಲ್ಕು ಲೀಟರಿನಷ್ಟು ದುಗ್ಧರಸ ಹೀಗೆ ರಕ್ತಕ್ಕೆ ಮರಳುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ದೇಹದಲ್ಲಿ ಒಟ್ಟು ಇರುವುದೇ ಸುಮಾರು ಮೂರು ಲೀಟರ್ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಮೊತ್ತವೆಂದು ಗೊತ್ತಾಗುತ್ತದೆ. ಈ ಹಿಂಬರುವಿಕೆ ಒಂದೆರಡು ದಿನ ನಿಂತರೂ ನಾವು ಬದುಕಿ ಉಳಿಯುವುದು ಕಷ್ಟ.

ಈ ನಾಳಗಳ ತುದಿಯ ರಚನೆಯನ್ನು ನಮ್ಮ ಕರಾವಳಿಯವರಿಗೆ ವಿವರಿಸುವುದು ಸುಲಭ. ಊರಮನೆಯ ಹಂಚಿನ ಮಾಡಿನಲ್ಲಿ ಒಂದು ಹಂಚಿನ ಅಂಚು ಇನ್ನೊಂದರ ಮೇಲೆ ಕೂತಿರುವಂತೆ ಇಲ್ಲಿ ಒಂದು ಕೋಶದ ಅಂಚು ಪಕ್ಕದ ಕೋಶದ ಮೇಲೆ ಸಡಿಲವಾಗಿ ಕೂತಿರುತ್ತದೆ. ಹೊರಗೆ ದ್ರವ ಹೆಚ್ಚಿದಾಗ ಅದರ ಒತ್ತಡಕ್ಕೆ ಅಂಚು ಒಳಮುಖವಾಗಿ ತೆರೆದುಕೊಳ್ಳುತ್ತದೆ. ಒಳಗೆ ತುಂಬಿದಾಗ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೋಶಗಳ ಹೊರಮೈಯನ್ನು ಸುತ್ತಲಿನ ಅಂಗಾಂಶಕ್ಕೆ ಬಿಗಿದಿರುವ ನವಿರಾದ ಎಳೆಗಳೂ ಇವೆ, ಹೀಗಾಗಿ ಜಾಗ ಬಾತಷ್ಟೂ ಎಳೆಗಳು ಜಗ್ಗಿ ಬಾಗಿಲನ್ನು ಇನ್ನಷ್ಟು ಅಗಲಿಸುತ್ತವೆ. ಪ್ರೋಟೀನಿನ ದೊಡ್ಡ ಕಣಗಳು ಮಾತ್ರವಲ್ಲ, ಬ್ಯಾಕ್ಟೀರಿಯಾ, ಸತ್ತ ಕೋಶಗಳ ಚೂರು, ಕೆಲವೊಮ್ಮೆ ಕ್ಯಾನ್ಸರ್ ಕೋಶ ಸಹ ಈ ಬಾಗಿಲಿನಿಂದ ಒಳಗೆ ಬರುತ್ತವೆ. ವೈರಿಯನ್ನು ಮೊದಲು ಕಾಣಬೇಕಾದ ಕಾವಲುಗಾರರು ಇದೇ ದಾರಿಯಲ್ಲಿ ಠಾಣೆ ಹೂಡಿರುವುದಕ್ಕೆ ಇದೇ ಕಾರಣ.

ಹೆಸರಿನ ಬಗ್ಗೆ ಒಂದು ಮಾತು. ‘ದುಗ್ಧ’ವೆಂದರೆ ಹಾಲು. ಆದರೆ ಅತ್ತೆಯವರ ಕೈಯಲ್ಲಿ ತುಂಬಿರುವ ದ್ರವ ಹಾಲಿನಂತಿಲ್ಲ, ತಿಳಿಹಳದಿಯ ನೀರಿನಂತಿದೆ. ಹಾಲಿನ ಬಣ್ಣ ಬರುವುದು ಕರುಳಿನಿಂದ ಹೊರಡುವ ನಾಳಗಳಲ್ಲಿ ಮಾತ್ರ, ಅದೂ ಜಿಡ್ಡಿನ ಊಟವಾದ ಮೇಲೆ, ಏಕೆಂದರೆ ನಾವು ತಿಂದ ತುಪ್ಪ, ತೆಂಗಿನೆಣ್ಣೆಗಳ ಬಹುಪಾಲು ಕೊಬ್ಬು ಯಕೃತ್ತಿಗೆ ನೇರವಾಗಿ ಹೋಗದೆ ಈ ನಾಳಗಳ ಮೂಲಕ ಸುತ್ತಿಬಳಸಿ ರಕ್ತವನ್ನು ಸೇರುತ್ತದೆ. 1622ರ ಜುಲೈನಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಎಂಬ ವೈದ್ಯ ಆಗಷ್ಟೇ ಹೊಟ್ಟೆತುಂಬ ತಿಂದಿದ್ದ ನಾಯಿಯೊಂದರ ಹೊಟ್ಟೆ ತೆರೆದಾಗ ಕರುಳಿನ ಪೊರೆಯ ಮೇಲೆ ಬಿಳಿಯ ದಾರಗಳು ಹರಡಿದ್ದವು. ನರಗಳಿರಬಹುದೆಂದು ಒಂದನ್ನು ಕತ್ತರಿಸಿ ನೋಡಿದರೆ ಹಾಲಿನಂಥ ರಸ ಚಿಮ್ಮಿತು. ಅದೇ ನಾಯಿ ಹಸಿದಿದ್ದರೆ ಅವನ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ಲ್ಯಾಟಿನಿನ ‘ಲಿಂಫಾ’ ಎಂದರೆ ತಿಳಿನೀರು. ಹೀಗೆ ನಮ್ಮ ಪಾರಿಭಾಷಿಕ ಪದ ಹೊಟ್ಟೆಯನ್ನು ನೆನೆದರೆ ಲ್ಯಾಟಿನಿನ ಪದ ಕೈಕಾಲುಗಳನ್ನು ನೆನೆಯುತ್ತದೆ. ಎರಡೂ ಸರಿಯೇ.

ಈ ದಾರಿಗೆ ಹೃದಯದಂಥ ದೊಡ್ಡ ಪಂಪು ಇಲ್ಲ. ದೊಡ್ಡ ದುಗ್ಧನಾಳಗಳ ಗೋಡೆಯಲ್ಲಿ ತೆಳುವಾದ ಸ್ನಾಯುವಿದೆ. ಕವಾಟದಿಂದ ಕವಾಟದವರೆಗಿನ ಒಂದೊಂದು ತುಂಡೂ ನಿಮಿಷಕ್ಕೆ ಕೆಲವು ಬಾರಿ ಹಿಂಡಿಕೊಂಡು ರಸವನ್ನು ಮುಂದಕ್ಕೆ ದೂಡುತ್ತದೆ. ಉಳಿದ ಕೆಲಸ ನಡೆಯುವುದು ಪಕ್ಕದ ಮಾಂಸಖಂಡಗಳ ಅಲುಗಾಟದಿಂದ, ಅಪಧಮನಿಯ ಮಿಡಿತದಿಂದ, ಉಸಿರಾಟದಿಂದ. ಎರಡು ಕಾಲುಗಳು, ಹೊಟ್ಟೆ, ಎಡಗೈ ಹಾಗೂ ತಲೆ, ಕುತ್ತಿಗೆ, ಎದೆಗಳ ಎಡಭಾಗದ ರಸವೆಲ್ಲ ಸೇರುವುದು ಬೆನ್ನುಮೂಳೆಯ ಮುಂದೆ ಮೇಲೇರುವ ಸುಮಾರು 40 ಸೆಂಟಿಮೀಟರ್ ಉದ್ದದ ಎದೆನಾಳಕ್ಕೆ. ಅದು ಎಡ ಕೊರಳೆಲುಬಿನ ಹಿಂದೆ ದೊಡ್ಡ ಅಭಿಧಮನಿಯೊಳಗೆ ತೆರೆದುಕೊಳ್ಳುತ್ತದೆ. ಬಲಗೈ ಮತ್ತು ಬಲಭಾಗದ ತಲೆ, ಎದೆಗಳ ರಸಕ್ಕೆ ಬಲಗಡೆ ಪುಟ್ಟದೊಂದು ಬೇರೆ ನಾಳವಿದೆ. ಎಡ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಟ್ಟಿ ಗಂಟು ಸಿಕ್ಕಿದರೆ ನಾವು ವೈದ್ಯರು ಕುತ್ತಿಗೆಯನ್ನು ಬಿಟ್ಟು ಹೊಟ್ಟೆಯನ್ನು ಪರೀಕ್ಷಿಸಲು ಹೊರಡುತ್ತೇವೆ. ಇದನ್ನು ಕಂಡು ರೋಗಿಯ ಮನೆಯವರು ಎಷ್ಟೋ ಬಾರಿ ಬೆರಗಾಗಿದ್ದಾರೆ. ಜಠರದ ಕ್ಯಾನ್ಸರ್ ಎದೆನಾಳ ಹಿಡಿದು ಅಲ್ಲಿಗೆ ಬಂದು ತಂಗಬಹುದು ಎಂಬುದೇ ಅದಕ್ಕೆ ಕಾರಣ.

ಇನ್ನು ಕಾವಲಿನ ಮಾತು. ಮುಂಬಯಿಯ ಹಳಬರಿಗೆ ಮುಲುಂಡ್, ದಹಿಸರ್‌ಗಳ ಜಕಾತಿ ನಾಕೆಗಳು ನೆನಪಿರಬಹುದು. 2017ರಲ್ಲಿ ಜಕಾತಿ ರದ್ದಾಗುವವರೆಗೂ ನಗರದೊಳಕ್ಕೆ ಬರುವ ಪ್ರತಿಯೊಂದು ಲಾರಿಯೂ ಅಲ್ಲಿ ಸಾಲುಗಟ್ಟಿ ನಿಲ್ಲಬೇಕಿತ್ತು. ನಮ್ಮ ಕಡೆಯ ಮಾತಿನಲ್ಲಿ ಅದು ಸುಂಕದ ಕಟ್ಟೆ. ದುಗ್ಧಗ್ರಂಥಿಯೂ ಅಂಥದೊಂದು ಕಟ್ಟೆಯೇ. ಕೈಯಿಂದ ಬಂದ ರಸ ಕಂಕುಳ ಗ್ರಂಥಿಯನ್ನು ಹೊಕ್ಕು ಜಾಲರಿಯಂಥ ಓಣಿಗಳಲ್ಲಿ ನಿಧಾನವಾಗಿ ಸೋಸಿಕೊಂಡು ಹೋಗುವಾಗ ಅಂಚಿನಲ್ಲಿ ಕಾದಿರುವ ಭಕ್ಷಕ ಕೋಶಗಳು ಸಿಕ್ಕಿದ ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುತ್ತವೆ. ಆದರೆ ಗ್ರಂಥಿಯ ಮುಖ್ಯ ಕೆಲಸ ಈ ತಡೆಹಿಡಿಯುವಿಕೆ ಅಲ್ಲ. ಹೋಲಿಕೆ ಇಲ್ಲಿಗೆ ಮುರಿದುಬೀಳುತ್ತದೆ.

ರೋಗನಿರೋಧಕ ವ್ಯವಸ್ಥೆಯ ಮೂಲ ಕಷ್ಟ ಏನೆಂದರೆ ಅದರ ಯೋಧರು ಒಬ್ಬೊಬ್ಬರೂ ಒಂದೊಂದೇ ಗುರುತನ್ನು ಬಲ್ಲವರು. ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕಣಗಳು ನಮ್ಮ ದೇಹದಲ್ಲಿ ಲಕ್ಷ ಕೋಟಿಯಷ್ಟಿರಬಹುದು, ಆದರೆ ನಿರ್ದಿಷ್ಟವಾದ ಒಂದು ಹೊಸ ರೋಗಾಣುವಿನ ಗುರುತು ಹಿಡಿಯಬಲ್ಲವು ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು ಮಾತ್ರ. ನಿಮ್ಮ ಮಗನ ಟಾನ್ಸಿಲಿನ ಮೇಲೆ ಕೂತ ಬ್ಯಾಕ್ಟೀರಿಯಾಕ್ಕೆ ತಕ್ಕ ಕೋಶ ಆ ಕ್ಷಣದಲ್ಲಿ ಮೊಣಕಾಲಿನ ಬಳಿಯೆಲ್ಲೋ ಅಲೆಯುತ್ತಿರಬಹುದು. ಇಷ್ಟು ವಿರಳವಾದ ಎರಡು ವಸ್ತುಗಳು ಇಷ್ಟು ದೊಡ್ಡ ದೇಹದಲ್ಲಿ ಒಂದನ್ನೊಂದು ಕಾಣುವುದು ಹೇಗೆ? ಎರಡನ್ನೂ ಒಂದೇ ಜಾಗಕ್ಕೆ ಕರೆತರುವುದೇ ದಾರಿ. ಆ ಜಾಗವೇ ದುಗ್ಧಗ್ರಂಥಿ. ಚರ್ಮದಲ್ಲೂ ಗಂಟಲಿನಲ್ಲೂ ಕವಲುಗಳನ್ನು ಚಾಚಿಕೊಂಡು ಕೂತಿರುವ ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ದುಗ್ಧನಾಳದ ಮೂಲಕ ಹತ್ತಿರದ ಗ್ರಂಥಿಗೆ ಬರುತ್ತವೆ. ಇತ್ತ ಲಿಂಫೋಸೈಟ್‌ಗಳು ರಕ್ತದಿಂದ ಗ್ರಂಥಿಯೊಳಗೆ ನುಸುಳಿ, ಅರ್ಧ ದಿನವೋ ಒಂದು ದಿನವೋ ಅಲ್ಲಿ ಒಂದೊಂದೇ ಡೆಂಡ್ರೈಟಿಕ್ ಕೋಶವನ್ನು ತಡವಿ ನೋಡಿ, ತನ್ನ ಗುರುತಿನದು ಸಿಗದಿದ್ದರೆ ಹೊರಟು, ಎದೆನಾಳ ಹಿಡಿದು ಮತ್ತೆ ರಕ್ತಕ್ಕೆ, ಅಲ್ಲಿಂದ ಇನ್ನೊಂದು ಗ್ರಂಥಿಗೆ ಹೋಗುತ್ತವೆ. ಈ ಅಲೆದಾಟ ಜೀವನಪರ್ಯಂತ ನಡೆಯುತ್ತದೆ. ಯಾವುದೇ ಕ್ಷಣದಲ್ಲಿ ರಕ್ತದಲ್ಲಿ ಸಿಗುವ ಲಿಂಫೋಸೈಟ್‌ಗಳು ಒಟ್ಟಿನ ನೂರಕ್ಕೆ ಎರಡರಷ್ಟು ಮಾತ್ರ. ಉಳಿದವು ಈ ಕಟ್ಟೆಗಳಲ್ಲಿ, ಗುಲ್ಮದಲ್ಲಿ, ಕರುಳಿನ ಗೋಡೆಯಲ್ಲಿ ಇರುತ್ತವೆ.

ಇದು ಬರಿಯ ಊಹೆಯಲ್ಲ. 1950ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಇಲಿಗಳ ಎದೆನಾಳಕ್ಕೆ ಸಣ್ಣ ಕೊಳವೆ ಸೇರಿಸಿ ದಿನಗಟ್ಟಲೆ ದುಗ್ಧರಸವನ್ನು ಹೊರಕ್ಕೆ ಬಸಿದರು. ಅದರೊಡನೆ ಬರುವ ಲಿಂಫೋಸೈಟ್‌ಗಳ ಸಂಖ್ಯೆ ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಅವೇ ಕೋಶಗಳನ್ನು ರಕ್ತಕ್ಕೆ ಹಿಂದಿರುಗಿಸಿದಾಗ ಮತ್ತೆ ಏರಿತು. ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ರಕ್ತಕ್ಕೆ ಒಂದೇ ಕೋಶಗಳು ಸುತ್ತುತ್ತಿರುತ್ತವೆ ಎಂಬುದು ಹೀಗೆ ಖಚಿತವಾಯಿತು. ಬಸಿದು ಬರಿದಾದ ಇಲಿಗಳು ಹೊಸ ಪ್ರತಿಜನಕಕ್ಕೆ, ಎಂದರೆ ದೇಹಕ್ಕೆ ಪರಕೀಯವಾದ ವಸ್ತುವಿಗೆ, ಸರಿಯಾಗಿ ಪ್ರತಿಕ್ರಿಯಿಸಲಾರದೆ ಹೋದವು. ದಾರಿ ಮತ್ತು ಕಾವಲು ಬೇರೆಬೇರೆಯಲ್ಲ ಎನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗುರುತು ಸಿಕ್ಕಿತೆನ್ನಿ. ಆಗ ಗ್ರಂಥಿ ಹೊರಹೋಗುವ ಬಾಗಿಲನ್ನು ಕೆಲಕಾಲ ಮುಚ್ಚಿ ಒಳಬರುವ ಬಾಗಿಲನ್ನು ಮಾತ್ರ ತೆರೆದಿಡುತ್ತದೆ. ರಕ್ತ ಹೆಚ್ಚು ಹರಿಯುತ್ತದೆ, ಬಂದ ಕೋಶಗಳು ಅಲ್ಲೇ ಉಳಿಯುತ್ತವೆ, ಗುರುತು ಹಿಡಿದ ಒಂದು ಕೋಶ ಒಡೆದು ಎರಡಾಗಿ, ನಾಲ್ಕಾಗಿ, ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ಆಗುತ್ತದೆ. ಲಿಂಫೋಸೈಟ್‌ಗಳಲ್ಲಿ ಟಿ, ಬಿ ಎಂಬ ಬಗೆಗಳಿವೆ. ಟಿ ಕೋಶಗಳ ಪಡೆ ಸಿದ್ಧವಾಗಲು ಸುಮಾರು ಒಂದು ವಾರ ಬೇಕು. ಬಿ ಕೋಶಗಳು ಒಳ್ಳೆಯ ಪ್ರತಿಕಾಯಗಳನ್ನು (ಆ್ಯಂಟಿಬಾಡಿ) ತಯಾರಿಸಲು ಇನ್ನೂ ಕೆಲವು ದಿನ ಹೆಚ್ಚು. ಬಟಾಣಿಯಷ್ಟಿದ್ದ ಗ್ರಂಥಿ ಈ ಹೊತ್ತಿಗೆ ನೆಲ್ಲಿಕಾಯಿಯಷ್ಟಾಗುತ್ತದೆ. ಹೊರಕವಚ ಹಿಗ್ಗುವುದರಿಂದ ಮುಟ್ಟಿದರೆ ನೋಯುತ್ತದೆ. ನಿಮ್ಮ ಮಗನ ಕುತ್ತಿಗೆಯಲ್ಲಿ ನೀವು ಬೆರಳಿಟ್ಟು ನೋಡುತ್ತಿರುವುದು ಇದನ್ನೇ.

ಹಾಗಾದರೆ ‘ಶಕ್ತಿ ಕಡಿಮೆ’ ಎಂಬ ಮಾತು? ಹುಟ್ಟಿನಿಂದಲೇ ಬಿ ಕೋಶಗಳಿಲ್ಲದ, ಪ್ರತಿಕಾಯಗಳನ್ನೇ ತಯಾರಿಸಲಾಗದ ಮಕ್ಕಳಿದ್ದಾರೆ. ಅಮೆರಿಕದ ಓಗ್ಡನ್ ಬ್ರೂಟನ್ ಎಂಬ ಮಕ್ಕಳ ವೈದ್ಯರು 1952ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಇಂಥ ಮಕ್ಕಳಿಗೆ ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ, ಆದರೆ ಬಾಯಿ ತೆರೆಸಿ ನೋಡಿದರೆ ಟಾನ್ಸಿಲ್ ಕಾಣುವುದೇ ಅಪರೂಪ, ಕುತ್ತಿಗೆಯಲ್ಲಿ ಗಂಟೂ ಸಿಗುವುದಿಲ್ಲ. ಶಕ್ತಿ ನಿಜವಾಗಿ ಇಲ್ಲದವರಲ್ಲಿ ಗಂಟೂ ಇಲ್ಲ. ಇದನ್ನೇ ಎಲ್ಲ ಕಡೆಯೂ ಸೂತ್ರವಾಗಿ ಹಿಡಿಯಬಾರದು, ಏಕೆಂದರೆ ಎಚ್‌ಐವಿ ಸೋಂಕಿನಲ್ಲಿ ಗ್ರಂಥಿಗಳು ಊದಿಯೇ ಇರುತ್ತವೆ. ಆದರೂ ಗಂಟಲು ನೋವಿನೊಡನೆ ಎದ್ದು ನೋವಿನೊಡನೆಯೇ ಇಳಿಯುವ ಗಂಟನ್ನು ದೌರ್ಬಲ್ಯದ ಲಕ್ಷಣವೆನ್ನುವುದು ತಲೆಕೆಳಗು ಮಾತು. ಮಕ್ಕಳ ದುಗ್ಧಾಂಗಾಂಶ ಹತ್ತು ಹನ್ನೆರಡನೆಯ ವಯಸ್ಸಿನವರೆಗೆ ಬೆಳೆದು ಆಮೇಲೆ ತಗ್ಗುತ್ತದೆ. ಎಂಟರ ಹುಡುಗನಲ್ಲಿ ಬಟಾಣಿಯಷ್ಟು ಗಂಟು ತಿಂಗಳುಗಟ್ಟಲೆ ಬೆರಳಿಗೆ ಸಿಗುತ್ತಿದ್ದರೂ ಅದು ಮೆತ್ತಗಿದ್ದು ಚರ್ಮದಡಿ ಜಾರುತ್ತಿದ್ದರೆ ಹೆದರಬೇಕಾಗಿಲ್ಲ.

ಗ್ರಂಥಿ ಯಾವ ಊರಿನ ಕಟ್ಟೆ ಎಂಬುದನ್ನು ಗಮನಿಸುವುದು ವೈದ್ಯರ ಹಳೆಯ ಅಭ್ಯಾಸ. ಕೆಲವು ಮಳೆಗಾಲಗಳ ಹಿಂದೆ ಮಾಟುಂಗದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ, ಕುಂದಾಪುರ ಕಡೆಯ ಹುಡುಗನೊಬ್ಬ ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದೆಯೆಂದು ಕುಂಟುತ್ತ ಬಂದ. ಲಜ್ಜೆಯಿಂದ ಅವನಿಗೆ ಮಾತೇ ಹೊರಡುತ್ತಿರಲಿಲ್ಲ, ಬೇರೆ ಯಾವುದೋ ರೋಗವೆಂದು ಜೊತೆಯವರು ಕಾಡಿಸಿದ್ದರು. ನಾನು ಪ್ಯಾಂಟಿನ ಕಾಲನ್ನು ಮೊಣಕಾಲಿನ ಮೇಲಕ್ಕೆ ಮಡಿಸಲು ಹೇಳಿದೆ. ಕಣಕಾಲಿನಿಂದ ಮೀನಖಂಡದ ಒಳಮಗ್ಗುಲಲ್ಲಿ ಮೇಲಕ್ಕೆ, ಕುಂಕುಮದಲ್ಲಿ ಬೆರಳದ್ದಿ ಎಳೆದಂತೆ, ಒಂದು ಕೆಂಪು ಗೆರೆ. ಅದನ್ನು ಹಿಡಿದು ಕೆಳಕ್ಕೆ ಇಳಿದರೆ ಕಿರುಬೆರಳಿನ ಸಂದಿಯಲ್ಲಿ ನೆನೆದು ಬೆಳ್ಳಗಾಗಿ ಬಿರಿದ ಕೆಸರುಹುಣ್ಣು. ದಿನವಿಡೀ ಒದ್ದೆ ನೆಲದಲ್ಲಿ ನಿಂತ ಕಾಲಿನ ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕಿತ್ತು; ಕೆಂಪು ಗೆರೆ ಉರಿಗೊಂಡ ದುಗ್ಧನಾಳ; ಗಡ್ಡೆ ಅದರ ಮೊದಲ ದೊಡ್ಡ ಕಟ್ಟೆ. ಅವನು ನೋವಿನೆಣ್ಣೆ ಹಚ್ಚುತ್ತಿದ್ದದ್ದು ಗಡ್ಡೆಗೆ. ಆ್ಯಂಟಿಬಯೋಟಿಕ್ ಕೊಟ್ಟು, ಕಾಲನ್ನು ಎತ್ತರಕ್ಕಿಟ್ಟು ಮಲಗಿಸಿ, ಬೆರಳ ಸಂದಿಗೆ ಮದ್ದು ಹಚ್ಚಿಸಿದ ಮೇಲೆ ಮೂರನೆಯ ದಿನಕ್ಕೆ ಗೆರೆ ಮಾಸಿತು; ಗಡ್ಡೆ ಇಳಿಯಲು ಎರಡು ವಾರಗಳಾದವು.

ಕಟ್ಟೆಯನ್ನೇ ವೈರಿ ಗೆದ್ದುಕೊಳ್ಳುವ ಸಂದರ್ಭಗಳೂ ಇವೆ, ಮುಂಬಯಿಗೆ ಅದರ ಕಹಿ ಅನುಭವ ಚೆನ್ನಾಗಿಯೇ ಇದೆ. 1896ರಲ್ಲಿ ಮಾಂಡವಿಯ ಬಂದರು ಬೀದಿಗಳಲ್ಲಿ ಜ್ವರದೊಡನೆ ತೊಡೆಸಂದಿಯ ಗಡ್ಡೆ ಕಂಡು ಅದು ಪ್ಲೇಗ್ ಎಂದು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವೀಗಾಸ್. ಚಿಗಟ ಕಚ್ಚುವುದು ಹೆಚ್ಚಾಗಿ ಕಾಲಿಗೆ, ಆದ್ದರಿಂದ ಗಡ್ಡೆ ತೊಡೆಸಂದಿಯಲ್ಲಿ. ಪ್ಲೇಗಿನ ರೋಗಾಣು ತನ್ನನ್ನು ನುಂಗಿದ ಭಕ್ಷಕ ಕೋಶದೊಳಗೇ ಬದುಕುಳಿಯುತ್ತದೆ. ಹೀಗಾಗಿ ಗ್ರಂಥಿ ಅದಕ್ಕೆ ಸೆರೆಮನೆಯಾಗದೆ ಹೆರಿಗೆಮನೆಯಾಗುತ್ತದೆ. ಅದೇ ನಗರದಲ್ಲಿ ವಾಲ್ಡೆಮರ್ ಹಾಫ್‌ಕಿನ್ ತಾವು ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಲಸಿಕೆ ಮಾಡುವುದೂ ಮತ್ತೇನನ್ನೂ ಅಲ್ಲ, ಸತ್ತ ಅಥವಾ ದುರ್ಬಲಗೊಳಿಸಿದ ರೋಗಾಣುವಿನ ಗುರುತನ್ನು ಹತ್ತಿರದ ಕಟ್ಟೆಗೆ ಮುಂಚಿತವಾಗಿ ಮುಟ್ಟಿಸುವುದನ್ನೇ. ಎಡ ತೋಳಿಗೆ ಬಿಸಿಜಿ ಹಾಕಿಸಿಕೊಂಡ ಕೆಲವು ಕೂಸುಗಳ ಎಡ ಕಂಕುಳಲ್ಲಿ ಪುಟ್ಟ ಗಂಟು ಏಳುವುದೂ, ಕೋವಿಡ್ ಲಸಿಕೆಯ ನಂತರ ಹಲವರಿಗೆ ಕಂಕುಳು ನೊಂದದ್ದೂ ಇದೇ ಕಾರಣಕ್ಕೆ.

ಇಂದಿನ ಮುಂಬಯಿಯಲ್ಲಿ ಕಟ್ಟೆಯನ್ನು ಗೆಲ್ಲುವ ವೈರಿ ಎಂದರೆ ಕ್ಷಯ. ನಮ್ಮ ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಬಹುಮಟ್ಟಿಗೆ ಕುತ್ತಿಗೆಯ ಗ್ರಂಥಿಗಳ ಕ್ಷಯವೇ. ವೃತ್ತಿಯ ಆರಂಭದಲ್ಲಿ ಇಂಥದೊಂದನ್ನು ನಾನೇ ತಡಮಾಡಿದ್ದೇನೆ. ಇಪ್ಪತ್ತೆರಡರ ಹುಡುಗಿ, ನೋವಿಲ್ಲದ ಗಂಟು, ಹತ್ತು ದಿನಗಳ ಆ್ಯಂಟಿಬಯೋಟಿಕ್‌ಗೆ ಸ್ವಲ್ಪ ಇಳಿದಂತೆ ತೋರಿತು. ನನಗೂ ಅವಳ ತಾಯಿಗೂ ಅಷ್ಟೇ ಬೇಕಾಗಿತ್ತು. ಇನ್ನೊಂದು ತಿಂಗಳು ಕಾದೆವು. ಗಂಟುಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಷಯವೆಂದು ಗೊತ್ತಾಯಿತು. ಆರು ತಿಂಗಳ ಔಷಧಿಯಿಂದ ವಾಸಿಯಾಯಿತು, ಆದರೆ ಆ ಒಂದು ತಿಂಗಳು ನನ್ನ ಲೆಕ್ಕಕ್ಕೆ. ಆದುದರಿಂದ ಮಗನ ವಿಷಯದಲ್ಲಿ ಹೇಳುತ್ತೇನೆ: ಗಂಟು ಎರಡು ಸೆಂಟಿಮೀಟರ್ ಮೀರಿದರೆ, ನಾಲ್ಕು ವಾರಗಳಾದರೂ ಇಳಿಯದೆ ಬೆಳೆಯುತ್ತಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಅಥವಾ ಜಾರದೆ ಅಂಟಿಕೊಂಡಿದ್ದರೆ, ಕೊರಳೆಲುಬಿನ ಮೇಲ್ಗಡೆ ಎದ್ದರೆ, ಇಲ್ಲವೆ ಅದರೊಡನೆ ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿತ ಕಂಡರೆ ಮತ್ತೊಂದು ಆ್ಯಂಟಿಬಯೋಟಿಕ್ ಕೋರ್ಸ್ ಕೇಳಬೇಡಿ, ಸೂಜಿ ಪರೀಕ್ಷೆಯ ಬಗ್ಗೆ ಕೇಳಿ. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ನೋಯುವ ಗಂಟಿಗಿಂತ ನೋಯದ ಗಂಟಿನ ಮೇಲೆಯೇ ನನಗೆ ಅನುಮಾನ ಹೆಚ್ಚು.

ಈಗ ಅತ್ತೆಯವರ ಕೈ. ಕ್ಯಾನ್ಸರ್ ಕೋಶ ಸ್ತನದಿಂದ ಹೊರಟರೆ ಮೊದಲು ತಂಗುವುದು ಸಾಮಾನ್ಯವಾಗಿ ಕಂಕುಳ ಗ್ರಂಥಿಗಳಲ್ಲಿ. ಹೀಗಾಗಿ ಅವನ್ನು ತೆಗೆದು ನೋಡದೆ ರೋಗ ಎಷ್ಟು ಹರಡಿದೆ ಎಂದು ತಿಳಿಯುತ್ತಿರಲಿಲ್ಲ. ಇತ್ತೀಚೆಗೆ ನೀಲಿ ಬಣ್ಣವನ್ನೋ ವಿಕಿರಣಶೀಲ ದ್ರವವನ್ನೋ ಚುಚ್ಚಿ, ಅದು ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಕ್ರಮ ಬಂದಿದೆ. ಅವು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಅತ್ತೆಯವರಿಗೆ 14 ತೆಗೆದಿದ್ದಾರೆಂದರೆ ಬಹುಶಃ ಅದಕ್ಕೆ ಕಾರಣವಿತ್ತು. ಗ್ರಂಥಿಗಳ ಜೊತೆಗೆ ಅವನ್ನು ಸೇರುವ ನಾಳಗಳೂ ಕತ್ತರಿಸಿಹೋಗುತ್ತವೆ. ವಿಕಿರಣ ಚಿಕಿತ್ಸೆಯಾಗಿದ್ದರೆ ಉಳಿದವೂ ಕಲೆಗಟ್ಟಿ ಕುಗ್ಗುತ್ತವೆ. ಕೈಯ ದ್ರವ ಆಮೇಲೆ ಸಣ್ಣ ಅಡ್ಡದಾರಿಗಳನ್ನು ಹುಡುಕಿಕೊಂಡು ಹೋಗಬೇಕು. ಒಂದೆರಡು ವರ್ಷ ಹೇಗೋ ನಿಭಾಯಿಸಿದ ಅಡ್ಡದಾರಿಗಳು ಆಮೇಲೆ ಸೋಲುವುದು ಅಪರೂಪವಲ್ಲ. ಹಿಂದಿರುಗದೆ ಉಳಿದ ಪ್ರೋಟೀನು ತನ್ನೆಡೆಗೆ ನೀರನ್ನು ಸೆಳೆಯುತ್ತದೆ. ಕಾಲ ಕಳೆದಂತೆ ಅಲ್ಲಿ ನಾರು ಮತ್ತು ಕೊಬ್ಬು ಬೆಳೆದು ಬೆರಳೊತ್ತಿದರೆ ತಗ್ಗು ಬೀಳುತ್ತಿದ್ದ ಮೆತ್ತನೆಯ ಬಾವು ಗಟ್ಟಿಯಾಗುತ್ತದೆ. ಮೆತ್ತಗಿರುವಾಗ ಮಾಡಿದ ಚಿಕಿತ್ಸೆಯಿಂದ ಕೈ ಬಹುಮಟ್ಟಿಗೆ ಇಳಿಯುತ್ತದೆ, ಗಟ್ಟಿಯಾದ ಮೇಲೆ ಕಷ್ಟ. ಮೂತ್ರ ಹೆಚ್ಚಿಸುವ ಮಾತ್ರೆಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅವು ನೀರನ್ನು ಕಳಿಸಬಲ್ಲವೇ ಹೊರತು ಪ್ರೋಟೀನನ್ನಲ್ಲ.

‘ಆನೆಕೈ’ ಎಂಬ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಟ್ಟಿರುವುದು ಅದೇ ದಾರಿ, ಕೆಡಿಸಿದ ಕಾರಣ ಬೇರೆ. ಆನೆಕಾಲಿನಲ್ಲಿ ಕ್ಯುಲೆಕ್ಸ್ ಸೊಳ್ಳೆ ತಂದುಹಾಕಿದ ದಾರದಂಥ ಹುಳುಗಳು ದುಗ್ಧನಾಳದೊಳಗೇ ವರ್ಷಗಟ್ಟಲೆ ಬದುಕಿ ಅದನ್ನು ಹಿಗ್ಗಿಸಿ ಕವಾಟಗಳನ್ನು ಹಾಳುಮಾಡುತ್ತವೆ. ಅವುಗಳ ಮರಿಗಳು ರಕ್ತದಲ್ಲಿ ತಲೆಯೆತ್ತುವುದು ಹೆಚ್ಚಾಗಿ ರಾತ್ರಿಯ ಹೊತ್ತು. ಹಿಂದೆ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಮಧ್ಯರಾತ್ರಿ ಬಾಗಿಲು ತಟ್ಟಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದದ್ದು ಅತ್ತೆಯವರಿಗೆ ನೆನಪಿರಬಹುದು. ಆದರೆ ಕಾಲನ್ನು ನಿಜವಾಗಿ ಆನೆಯ ಕಾಲಿನಂತೆ ದಪ್ಪಗಾಗಿಸುವುದು ಹುಳುವಿಗಿಂತ ಹೆಚ್ಚಾಗಿ ಚರ್ಮದ ಬಿರುಕುಗಳಿಂದ ಮತ್ತೆ ಮತ್ತೆ ಒಳಹೊಗುವ ಬ್ಯಾಕ್ಟೀರಿಯಾ. ಕಾಲನ್ನು ದಿನವೂ ಸೋಪು ನೀರಿನಲ್ಲಿ ತೊಳೆದು, ಸಂದುಗಳನ್ನೊರೆಸಿ ಒಣಗಿಸುವುದರಿಂದಲೇ ಆ ಜ್ವರದ ಸರದಿಗಳು ಎದ್ದುಕಾಣುವಂತೆ ಕಡಿಮೆಯಾಗುತ್ತವೆ.

ಅದೇ ಪಾಠ ಎಡಗೈಗೂ ಸಲ್ಲುತ್ತದೆ. ಅವರ ಒಟ್ಟು ರೋಗನಿರೋಧಕ ಶಕ್ತಿ ಕುಗ್ಗಿಲ್ಲವೆಂದೆ. ಆದರೆ ಈ ಒಂದು ಕೈಯಿಂದ ಸುದ್ದಿ ಒಯ್ಯುವ ದಾರಿ ಕುಗ್ಗಿರುವುದರಿಂದ ಅಲ್ಲಿ ಹೊಕ್ಕ ಬ್ಯಾಕ್ಟೀರಿಯಾ ತಡೆಯಿಲ್ಲದೆ ಹರಡಬಹುದು. ಮೆಟ್ಟುಕತ್ತಿಯಲ್ಲಿ ತೆಂಗಿನಕಾಯಿ ತುರಿಯುವಾಗ, ಬಿಸಿ ಬಾಣಲೆ ಹಿಡಿಯುವಾಗ ಆದ ಸಣ್ಣ ಗಾಯವನ್ನೂ ಆಗಲೇ ತೊಳೆದು ಮುಲಾಮು ಹಚ್ಚಬೇಕು. ಚರ್ಮ ಒಣಗಿ ಬಿರಿಯದಂತೆ ನೋಡಿಕೊಳ್ಳಬೇಕು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ಸೂಜಿ ಚುಚ್ಚಬಾರದು ಎಂಬ ನಿಯಮಕ್ಕೆ ನಾವು ಹಿಂದೆ ಭಾವಿಸಿದ್ದಷ್ಟು ಗಟ್ಟಿ ಆಧಾರವಿಲ್ಲ, ಆದರೂ ಬಲಗೈ ಇರುವಾಗ ಅದನ್ನೇ ಬಳಸುವುದರಿಂದ ನಷ್ಟವೇನೂ ಇಲ್ಲ. ತುರ್ತಿನಲ್ಲಿ ಎಡಗೈಗೆ ಚುಚ್ಚಿದರೆ ಅನರ್ಥವಾಯಿತೆಂದು ಕೊರಗಬೇಕಾಗಿಯೂ ಇಲ್ಲ. ಕೈಯನ್ನು ಅಲುಗಿಸದೆ ಕಾಪಾಡುವುದು ಮಾತ್ರ ತಪ್ಪು. ಈ ದಾರಿಯ ಪಂಪು ಮಾಂಸಖಂಡಗಳೇ ಎಂದು ಮೊದಲೇ ಹೇಳಿದೆನಷ್ಟೆ. ಬಿಗಿಯಾದ ತೋಳ್ಚೀಲ ತೊಟ್ಟು, ಫಿಸಿಯೋಥೆರಪಿಸ್ಟರ ಕಣ್ಗಾವಲಿನಲ್ಲಿ, ಸ್ವಲ್ಪಸ್ವಲ್ಪವಾಗಿ ಏರಿಸುತ್ತ ತೂಕ ಎತ್ತುವ ವ್ಯಾಯಾಮದಿಂದ ಬಾವು ಹೆಚ್ಚುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಪಾರ್ಲರಿನ ಮಸಾಜಿನ ಮಾತು ಉಳಿಯಿತು. ದುಗ್ಧರಸಕ್ಕೆ ದೇಹದಿಂದ ಹೊರಬೀಳುವ ದಾರಿಯೇ ಇಲ್ಲ. ಅದು ಎಲ್ಲಿಂದ ಹರಿದರೂ ಕೊನೆಗೆ ಸೇರುವುದು ರಕ್ತವನ್ನೇ. ‘ವಿಷ’ವೆಂದು ಅವರು ಏನನ್ನು ಕರೆಯುತ್ತಾರೋ ಅದನ್ನು ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಹಾಗೆಂದು ದುಗ್ಧರಸ ಹರಿಸುವ ಮಸಾಜು ಎಂಬುದೇ ಸುಳ್ಳಲ್ಲ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡ್ಡರ್ ರೂಪಿಸಿದ ಈ ವಿಧಾನವನ್ನು ತರಬೇತಾದ ಫಿಸಿಯೋಥೆರಪಿಸ್ಟರು ಇಂಥ ಕೈಗಳಿಗೆ ಬ್ಯಾಂಡೇಜು, ವ್ಯಾಯಾಮಗಳ ಜೊತೆಗೆ ಬಳಸುತ್ತಾರೆ. ಅದನ್ನು ನೋಡಿದರೆ ಇದೇನು ಮಸಾಜೇ ಎನಿಸುತ್ತದೆ: ಎಣ್ಣೆ ಇಲ್ಲ, ಒತ್ತುವಿಕೆ ಇಲ್ಲ, ನಿದ್ದೆಹೋದ ಕೂಸಿನ ಕೆನ್ನೆ ಸವರುವಷ್ಟು ಹಗುರವಾಗಿ ಚರ್ಮವನ್ನು ಮೆಲ್ಲಗೆ ಜಗ್ಗಿ ಬಿಡುವುದು, ಅದೂ ಬಾತ ಕೈಯಿಂದಲ್ಲ, ಮೊದಲು ಕುತ್ತಿಗೆ, ಎದೆ ಮತ್ತು ಬಲ ಕಂಕುಳಿನಿಂದ ಆರಂಭಿಸಿ, ತೆರೆದಿರುವ ದಾರಿಗಳನ್ನು ಬರಿದು ಮಾಡಿಕೊಂಡು ಆಮೇಲೆ ಕೈಗೆ ಬರುವುದು. ಎಣ್ಣೆ ಹಚ್ಚಿ ತಿಕ್ಕಿದರೆ ಆ ಜಾಗಕ್ಕೆ ರಕ್ತ ಹೆಚ್ಚು ಹರಿದು ಜಿನುಗೂ ಹೆಚ್ಚುತ್ತದೆ. ಸೋಂಕಿರುವಾಗ, ರಕ್ತನಾಳದಲ್ಲಿ ಹೆಪ್ಪುಗಟ್ಟಿರುವಾಗ, ಹೃದಯ ದುರ್ಬಲವಾಗಿರುವಾಗ ಸರಿಯಾದ ವಿಧಾನವನ್ನೂ ಮಾಡಬಾರದು.

ಇದಾವುದಕ್ಕೂ ಮೊದಲು ಆಗಬೇಕಾದದ್ದು ಒಂದಿದೆ. ಕ್ಯಾನ್ಸರ್ ಚಿಕಿತ್ಸೆಯಾಗಿ ಒಂದೂವರೆ ವರ್ಷದ ಮೇಲೆ ಹೊಸದಾಗಿ ಆರಂಭವಾದ ಬಾವನ್ನು ದಾರಿ ಕೆಟ್ಟದ್ದರಿಂದಲೇ ಬಂದದ್ದೆಂದು ಮನೆಯಲ್ಲಿ ಕೂತು ತೀರ್ಮಾನಿಸುವಂತಿಲ್ಲ. ಕಂಕುಳಲ್ಲಿ ರೋಗ ಮರಳಿದರೂ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಕೈ ಹೀಗೆಯೇ ಬಾಯುತ್ತದೆ. ಈ ವಾರವೇ ಅವರನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿ. ಅಗತ್ಯ ಕಂಡರೆ ಅವರೇ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ. ಹೋಗುವ ಮುನ್ನ ದರ್ಜಿಯ ಟೇಪಿನಿಂದ ಎರಡೂ ಕೈಗಳ ಸುತ್ತಳತೆಯನ್ನು ಮೊಣಕೈಗಿಂತ 10 ಸೆಂಟಿಮೀಟರ್ ಮೇಲೆ ಮತ್ತು 10 ಸೆಂಟಿಮೀಟರ್ ಕೆಳಗೆ ಅಳೆದು, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ಎರಡು ಕೈಗಳ ನಡುವೆ 2 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಬಾವು. ಮುಂದಿನ ತಿಂಗಳುಗಳಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಸಂಜೆಗಿಂತ ಬೆಳಿಗ್ಗೆಯೇ ಅಳೆಯುತ್ತ ಹೋಗಿ. ಚಿಕಿತ್ಸೆ ನಾಟುತ್ತಿದೆಯೋ ಇಲ್ಲವೋ ಎಂಬುದನ್ನು ಆ ಅಂಕಿಗಳೇ ವೈದ್ಯರಿಗೆ ತೋರಿಸುತ್ತವೆ.